ಸೋನೋವ್ಯೂ: ಸೂಕ್ಷ್ಮ ಗುಳ್ಳೆಗಳ ಕಾಂಟ್ರಾಸ್ಟ್ ಔಷಧದ ಬಗ್ಗೆ ಬಳಸುವವರೊಬ್ಬರ ವಿಮರ್ಶೆ

ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವಾಗ ಲಿವರ್‌ನಲ್ಲಿ ಗಂಟೊಂದು ಇದೆ ಎಂದು ಹೇಳುವುದು ಅಷ್ಟೇನೂ ಕಷ್ಟವಲ್ಲ. ಆ ಗಂಟು ಯಾವ ಬಗೆಯದು, ಅದನ್ನು ಅದರ ಪಾಡಿಗೆ ಬಿಡಬಹುದೇ ಅಥವಾ ಚಿಕಿತ್ಸೆ ಬೇಕೇ ಎಂದು ಹೇಳುವುದು ಕಷ್ಟ. ಬರಿಯ ಅಲ್ಟ್ರಾಸೌಂಡ್ ಎಷ್ಟೋ ಸಲ ಅಲ್ಲಿಗೇ ನಿಂತುಬಿಡುತ್ತದೆ, ಸಿ.ಟಿ. ಇಲ್ಲವೇ ಎಂ.ಆರ್.ಐ. ಮಾಡಿಸಿ ಎಂಬ ಸಲಹೆಯೊಂದಿಗೆ ವರದಿ ರೋಗಿಯ ಕೈ ಸೇರುತ್ತದೆ, ಮುಂದಿನ ಪರೀಕ್ಷೆಯ ದಿನ ಬರುವವರೆಗೆ ಮನೆಯವರೆಲ್ಲ ಕ್ಯಾನ್ಸರ್ ಇರಬಹುದೆಂಬ ಭಯದಲ್ಲಿ ದಿನ ದೂಡುತ್ತಾರೆ. ರಕ್ತನಾಳಕ್ಕೆ ಕೊಟ್ಟು ತೆರೆಯ ಮೇಲೆ ರಕ್ತದ ಹರಿವನ್ನು ಎದ್ದು ಕಾಣಿಸುವ ಸೋನೋವ್ಯೂ ಎಂಬ ಕಾಂಟ್ರಾಸ್ಟ್ ಔಷಧದಿಂದ ಆಗುವ ದೊಡ್ಡ ಉಪಕಾರ ಇಲ್ಲಿದೆ: ಅದೇ ಕೋಣೆಯಲ್ಲಿ, ಅದೇ ಯಂತ್ರದಲ್ಲಿ, ಕೆಲವೇ ನಿಮಿಷಗಳಲ್ಲಿ ಬಹುಪಾಲು ಗಂಟುಗಳ ಸ್ವಭಾವವನ್ನು ಅದು ತೋರಿಸಿಕೊಡುತ್ತದೆ. ಇಟಲಿಯ ಬ್ರಾಕೊ ಕಂಪನಿಯ ಈ ಉತ್ಪನ್ನ ಯುರೋಪಿನಲ್ಲಿ 2001ರಲ್ಲಿ ಬಳಕೆಗೆ ಬಂತು. ಅಮೆರಿಕದಲ್ಲಿ ಲುಮೇಸನ್ ಎಂಬ ಹೆಸರಿನಲ್ಲಿ 2014ರಲ್ಲಿ ಹೃದಯದ ಎಕೋ ಪರೀಕ್ಷೆಗೂ 2016ರಲ್ಲಿ ದೊಡ್ಡವರ ಮತ್ತು ಮಕ್ಕಳ ಲಿವರ್ ಪರೀಕ್ಷೆಗೂ ಅನುಮತಿ ಪಡೆಯಿತು. ಸ್ಕ್ಯಾನಿಂಗ್ ಮಾಡುವವರ ದೃಷ್ಟಿಯಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಚಿತ್ರಣಕ್ಕಾಗಿ ಇದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ, ಔಷಧವನ್ನು ದೇಹದೊಳಗಿನ ನಿರ್ದಿಷ್ಟ ಜಾಗಕ್ಕೆ ತಲುಪಿಸುವ ಸಾಧನವಾಗಿ ಇದರ ಮೇಲೆ ನನಗೆ ಭರವಸೆಯಿದೆ, ಆದರೆ ಶಿಫಾರಸು ಮಾಡುವ ಕಾಲ ಇನ್ನೂ ಬಂದಿಲ್ಲ.

ಸೀಸೆಯಲ್ಲಿ ಇರುವುದು 25 ಮಿಲಿಗ್ರಾಂ ಬಿಳಿ ಪುಡಿ ಮತ್ತು ಅದರ ಮೇಲಿನ ಖಾಲಿ ಜಾಗದಲ್ಲಿ ತುಂಬಿಸಿದ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ. ಇದಕ್ಕೆ 5 ಮಿ.ಲೀ. ಸಲೈನ್ ಸೇರಿಸಿ ಕುಲುಕಿದಾಗ, ಪುಡಿಯಲ್ಲಿರುವ ಕೊಬ್ಬಿನಂಥ ವಸ್ತುಗಳಾದ ಫಾಸ್ಫೋಲಿಪಿಡ್‌ಗಳು ಅನಿಲದ ಸುತ್ತ ಅತ್ಯಂತ ತೆಳುವಾದ ಪೊರೆ ಕಟ್ಟಿ ಕೋಟ್ಯಂತರ ಗುಳ್ಳೆಗಳಾಗುತ್ತವೆ. ಗುಳ್ಳೆಗಳ ಸರಾಸರಿ ವ್ಯಾಸ ಸುಮಾರು 2.5 ಮೈಕ್ರಾನ್, ನೂರರಲ್ಲಿ ತೊಂಬತ್ತು ಗುಳ್ಳೆಗಳು 6 ಮೈಕ್ರಾನ್‌ಗಿಂತ ಚಿಕ್ಕವು. ಕೆಂಪು ರಕ್ತಕಣದ ವ್ಯಾಸ 7ರಿಂದ 8 ಮೈಕ್ರಾನ್ ಇರುವುದರಿಂದ, ರಕ್ತಕಣ ನುಸುಳುವ ಯಾವುದೇ ನಾಳದಲ್ಲಿ ಇವೂ ನುಸುಳಬಲ್ಲವು, ಶ್ವಾಸಕೋಶದ ಅತಿ ಸಣ್ಣ ನಾಳಗಳನ್ನೂ ದಾಟಿ ಹೃದಯದ ಎಡಭಾಗಕ್ಕೆ ಬರಬಲ್ಲವು. ಈ ದಾಟುವಿಕೆ ಹಿಂದೆ ಸಾಧ್ಯವಿರಲಿಲ್ಲ. 1968ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ರೇಮಂಡ್ ಗ್ರಾಮಿಯಾಕ್ ಮತ್ತು ಪ್ರವೀಣ್ ಶಾ ಅವರು, ಕ್ಯಾತಿಟರ್ ಎಂಬ ಸಣ್ಣ ಕೊಳವೆಯ ಮೂಲಕ ದ್ರವ ಚುಚ್ಚಿದಾಗ ಎಕೋ ತೆರೆಯ ಮೇಲೆ ಪ್ರತಿಧ್ವನಿಗಳ ಮೋಡ ಕವಿಯುವುದನ್ನು ವರದಿ ಮಾಡಿದರು. ಅದಕ್ಕೆ ದ್ರವದೊಳಗೆ ಉಂಟಾದ ಸಣ್ಣ ಗಾಳಿಗುಳ್ಳೆಗಳೇ ಕಾರಣವೆಂಬುದು ಮುಂದೆ ಖಚಿತವಾಯಿತು. ಆದರೆ ಪೊರೆಯಿಲ್ಲದ ಗಾಳಿಗುಳ್ಳೆ ರಕ್ತದಲ್ಲಿ ಬೇಗನೆ ಕರಗಿಹೋಗುತ್ತದೆ. ಬಾಳಿಕೆ ಬಂದದ್ದು ಎರಡು ಬದಲಾವಣೆಗಳಿಂದ: ಹೊರಗೆ ಒಂದು ಪೊರೆ, ಒಳಗೆ ಗಾಳಿಯ ಬದಲು ರಕ್ತದಲ್ಲಿ ಸುಲಭವಾಗಿ ಕರಗದ ಭಾರವಾದ ಅನಿಲ. ಸೋನೋವ್ಯೂವಿನ ಗುಳ್ಳೆಗಳು ರಕ್ತದಲ್ಲಿ ಕೆಲವು ನಿಮಿಷ ಉಳಿಯುವುದು ಈ ಎರಡರ ಬಲದಿಂದ.

ಗುಳ್ಳೆ ತೆರೆಯ ಮೇಲೆ ಹೊಳೆಯುವುದೇಕೆ ಎಂಬುದನ್ನು ತಿಳಿಯದಿದ್ದರೆ ಈ ಔಷಧವನ್ನು ಚೆನ್ನಾಗಿ ಬಳಸಲಾಗದು. ಧ್ವನಿತರಂಗದ ಒತ್ತಡ ಏರಿದಾಗ ಅನಿಲ ತುಂಬಿದ ಗುಳ್ಳೆ ಕುಗ್ಗುತ್ತದೆ, ಇಳಿದಾಗ ಹಿಗ್ಗುತ್ತದೆ. ಆದರೆ ಕುಗ್ಗಿದಷ್ಟೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಹಿಗ್ಗುವಿಕೆ ಹೆಚ್ಚಾಗಿರುತ್ತದೆ. ಈ ಅಸಮಾನತೆಯಿಂದ ಗುಳ್ಳೆ ಹಿಂದಿರುಗಿಸುವ ಪ್ರತಿಧ್ವನಿಯಲ್ಲಿ ನಾವು ಕಳುಹಿಸಿದ ಆವರ್ತನದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು ಆವರ್ತನಗಳೂ ಬೆರೆತಿರುತ್ತವೆ. ಸುತ್ತಲಿನ ಅಂಗಾಂಶ ಕಡಿಮೆ ಒತ್ತಡದಲ್ಲಿ ಹಾಗೆ ವರ್ತಿಸುವುದಿಲ್ಲವಾದ್ದರಿಂದ, ಯಂತ್ರದಲ್ಲಿರುವ ಕಾಂಟ್ರಾಸ್ಟ್ ಸಾಫ್ಟ್‌ವೇರ್ ಅಂಗಾಂಶದ ಸದ್ದನ್ನು ಕಳೆದು ಗುಳ್ಳೆಗಳ ಸದ್ದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಎರಡು ಮೂರು ಮೈಕ್ರಾನ್ ಗಾತ್ರದ ಗುಳ್ಳೆ ಸಹಜವಾಗಿ ಕಂಪಿಸುವ ಆವರ್ತನವೂ ನಾವು ದಿನನಿತ್ಯ ಸ್ಕ್ಯಾನ್‌ಗೆ ಬಳಸುವ ಕೆಲವು ಮೆಗಾಹರ್ಟ್ಸ್‌ಗಳ ಆವರ್ತನವೂ ಒಂದೇ ವಲಯದಲ್ಲಿ ಬರುತ್ತವೆ. ಯಾರೂ ಯೋಜಿಸದೆ ಒದಗಿಬಂದ ಈ ಹೊಂದಿಕೆ ಇಲ್ಲದಿದ್ದರೆ ಇಡೀ ಕ್ಷೇತ್ರವೇ ಇರುತ್ತಿರಲಿಲ್ಲ, ಮತ್ತು ಈ ಮಾತು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಒತ್ತಡ ಹೆಚ್ಚಾದರೆ ಗುಳ್ಳೆ ಒಡೆಯುತ್ತದೆ. ಆದ್ದರಿಂದ ಯಂತ್ರದ ಮೆಕ್ಯಾನಿಕಲ್ ಇಂಡೆಕ್ಸ್ ಎಂಬ ಸೂಚ್ಯಂಕವನ್ನು 0.1ರ ಆಸುಪಾಸಿಗೆ ಇಳಿಸಿಕೊಂಡು ಸ್ಕ್ಯಾನ್ ಮಾಡಬೇಕು. ಇದನ್ನು ಮರೆತು ಎಂದಿನ ಒತ್ತಡದಲ್ಲೇ ನೋಡಿದರೆ, ನೋಡಬೇಕಾದ ಗುಳ್ಳೆಗಳನ್ನು ನೋಡುವವರೇ ಒಡೆದುಹಾಕಿದಂತಾಗುತ್ತದೆ. ಔಷಧ ಕೆಲಸ ಮಾಡಲಿಲ್ಲ ಎಂಬ ದೂರಿನ ಹಿಂದೆ ಈ ಕಾರಣವಿದೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ತಯಾರಿಯ ಹಂತವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಚಿತ್ರದ ಗುಣಮಟ್ಟದ ಬಹುಪಾಲು ಇಲ್ಲಿಯೇ ತೀರ್ಮಾನವಾಗುತ್ತದೆ. ಕಿಟ್‌ನಲ್ಲಿ ಪುಡಿಯ ಸೀಸೆ, ಸಲೈನ್ ತುಂಬಿದ ಸಿರಿಂಜ್ ಮತ್ತು ಎರಡನ್ನೂ ಜೋಡಿಸುವ ಮೊನೆಯುಳ್ಳ ಪ್ಲಾಸ್ಟಿಕ್ ಭಾಗ ಇರುತ್ತವೆ. ಸಲೈನನ್ನು ಸೀಸೆಗೆ ಇಳಿಸಿ 20 ಸೆಕೆಂಡ್ ಜೋರಾಗಿ ಕುಲುಕಬೇಕು. ಪುಡಿಯ ಉಂಡೆಗಳೆಲ್ಲ ಕರಗಿ ದ್ರವ ಹಾಲಿನಂತೆ ಒಂದೇ ಸಮ ಬೆಳ್ಳಗಾದರೆ ಸರಿಯಾಯಿತೆಂದು ಅರ್ಥ. ತಯಾರಾದ ಔಷಧವನ್ನು 6 ಗಂಟೆಗಳೊಳಗೆ ಬಳಸಬಹುದು. ಆದರೆ ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಗುಳ್ಳೆಗಳು ಮೇಲಕ್ಕೇರಿ ಕೆಳಗೆ ತಿಳಿನೀರು ಉಳಿಯುತ್ತದೆ. ಸಿರಿಂಜ್‌ಗೆ ಎಳೆದುಕೊಳ್ಳುವ ಮೊದಲು ಮತ್ತೊಮ್ಮೆ ಕುಲುಕದಿದ್ದರೆ, ಅಳತೆ ಸರಿಯಿದ್ದರೂ ಒಳಗೆ ಹೋಗುವುದು ಬರಿಯ ಸಲೈನ್. ಲಿವರ್‌ಗೆ 2.4 ಮಿ.ಲೀ., ಹೃದಯಕ್ಕೆ 2 ಮಿ.ಲೀ. ಎಂಬುದು ಸೂಚಿಸಿದ ಪ್ರಮಾಣ. ಅದನ್ನು ಮೊಣಕೈ ಭಾಗದ ರಕ್ತನಾಳಕ್ಕೆ ಕೊಟ್ಟು, ಹಿಂದೆಯೇ ಸಲೈನ್ ದೂಡಬೇಕು. ಕ್ಯಾನುಲಾ ತೀರ ಸಣ್ಣದಾಗಿರಬಾರದು, ಸಿರಿಂಜಿನ ಪಿಸ್ಟನನ್ನು ರಭಸದಿಂದ ಒತ್ತಬಾರದು. ಕಿರಿದಾದ ದಾರಿಯಲ್ಲಿ ಒತ್ತಡಕ್ಕೆ ಸಿಕ್ಕ ಗುಳ್ಳೆಗಳು ರಕ್ತವನ್ನು ಸೇರುವ ಮೊದಲೇ ಒಡೆಯುತ್ತವೆ. ಮಾತ್ರೆಯೊಂದನ್ನು ಕೊಟ್ಟ ಹಾಗೆ ಕೊಟ್ಟುಬಿಡುವ ಔಷಧ ಇದಲ್ಲ. ನುರಿತ ನರ್ಸ್ ಒಬ್ಬರು ಜೊತೆಗಿದ್ದರೆ ಪರೀಕ್ಷೆಯ ಫಲಿತಾಂಶವೇ ಬದಲಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲಿವರ್ ಪರೀಕ್ಷೆಯಲ್ಲಿ ಈ ಔಷಧದ ನಿಜವಾದ ಸಾಮರ್ಥ್ಯ ಗೊತ್ತಾಗುತ್ತದೆ. ಲಿವರ್‌ಗೆ ರಕ್ತ ಎರಡು ದಾರಿಗಳಿಂದ ಬರುತ್ತದೆ: ಒಂದು ಅಪಧಮನಿ, ಇನ್ನೊಂದು ಕರುಳಿನಿಂದ ರಕ್ತ ತರುವ ಪೋರ್ಟಲ್ ಅಭಿಧಮನಿ. ಔಷಧ ಕೊಟ್ಟ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಅಪಧಮನಿಯ ರಕ್ತ ಬೆಳಗುತ್ತದೆ, ಸುಮಾರು ಅರ್ಧ ನಿಮಿಷದ ನಂತರ ಪೋರ್ಟಲ್ ರಕ್ತ ಬಂದು ಸೇರುತ್ತದೆ, ಎರಡು ನಿಮಿಷಗಳ ಬಳಿಕ ಗುಳ್ಳೆಗಳು ಕರಗುವವರೆಗೂ ಕೊನೆಯ ಹಂತ ನಡೆಯುತ್ತದೆ. ಹೆಮಾಂಜಿಯೋಮಾ ಎಂಬ ನಿರುಪದ್ರವಿ ಗಂಟನ್ನೇ ತೆಗೆದುಕೊಳ್ಳೋಣ. ಮೊದಲಿಗೆ ಅದರ ನಡುಭಾಗ ಕತ್ತಲೆಯಾಗಿಯೇ ಇದ್ದು ಅಂಚಿನಲ್ಲಿ ಮಾತ್ರ ಬಿಳಿಯ ಚುಕ್ಕೆಗಳು ಮೂಡುತ್ತವೆ. ಆ ಚುಕ್ಕೆಗಳು ದಪ್ಪವಾಗುತ್ತ, ಒಂದಕ್ಕೊಂದು ಕೂಡಿಕೊಳ್ಳುತ್ತ, ನಿಧಾನವಾಗಿ ಒಳಮುಖವಾಗಿ ತುಂಬಿಕೊಂಡು ಬರುತ್ತವೆ, ಕೊನೆಯವರೆಗೂ ಆ ಬೆಳಕು ಮಾಸುವುದಿಲ್ಲ. ಇದನ್ನು ಕಣ್ಣಾರೆ ಕಂಡ ಮೇಲೆ ರೋಗಿಗೆ ‘ಇದು ಕ್ಯಾನ್ಸರ್ ಅಲ್ಲ’ ಎಂದು ಅದೇ ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳಬಹುದು. ಬೇರೆಡೆಯಿಂದ ಲಿವರ್‌ಗೆ ಹರಡಿದ ಕ್ಯಾನ್ಸರ್ ಗಂಟಾದರೆ ಒಮ್ಮೆ ಬೆಳಗಿ, ಸಾಮಾನ್ಯವಾಗಿ ಒಂದು ನಿಮಿಷದೊಳಗೇ ಸುತ್ತಲಿನ ಲಿವರ್‌ಗಿಂತ ಕಪ್ಪಾಗಿಬಿಡುತ್ತದೆ. ಲಿವರ್‌ನಲ್ಲೇ ಹುಟ್ಟುವ ಹೆಪಾಟೋಸೆಲ್ಯುಲರ್ ಕ್ಯಾನ್ಸರ್ ಅಪಧಮನಿಯ ಹಂತದಲ್ಲಿ ಹೊಳೆದು, ಒಂದು ನಿಮಿಷ ಕಳೆದ ಮೇಲೆ ಸ್ವಲ್ಪ ಸ್ವಲ್ಪವಾಗಿ ಮಂಕಾಗುತ್ತದೆ. ಸಿ.ಟಿ.ಯಲ್ಲಿ ಪೂರ್ವನಿಗದಿತವಾದ ಕೆಲವು ಕ್ಷಣಗಳ ಚಿತ್ರಗಳು ಮಾತ್ರ ದೊರೆಯುವುದರಿಂದ, ಎರಡು ಚಿತ್ರಗಳ ನಡುವೆ ಬೆಳಗಿ ಮಂಕಾದದ್ದು ತಪ್ಪಿಹೋಗಬಹುದು. ಇಲ್ಲಿ ಮೊದಲ ಗುಳ್ಳೆ ಬಂದ ಕ್ಷಣದಿಂದ ಎಲ್ಲವೂ ಕಣ್ಣೆದುರೇ ನಡೆಯುತ್ತದೆ.

ಇನ್ನೊಂದು ಗುಣವನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ಸಿ.ಟಿ. ಮತ್ತು ಎಂ.ಆರ್.ಐ.ಗಳಲ್ಲಿ ವಾಡಿಕೆಯಾಗಿ ಬಳಸುವ ಕಾಂಟ್ರಾಸ್ಟ್‌ನ ಸಣ್ಣ ಅಣುಗಳು ರಕ್ತನಾಳದಿಂದ ಹೊರಗೆ ಸೋರಿ ಅಂಗಾಂಶದಲ್ಲಿ ಹರಡಿಕೊಳ್ಳುತ್ತವೆ. ಗುಳ್ಳೆ ಅವುಗಳಿಗಿಂತ ಬಹಳ ದೊಡ್ಡದಾದ್ದರಿಂದ ನಾಳದೊಳಗೇ ಉಳಿಯುತ್ತದೆ. ಅಂದರೆ ತೆರೆಯ ಮೇಲೆ ಬೆಳಕು ಕಂಡ ಕಡೆ ರಕ್ತ ಹರಿಯುತ್ತಿದೆ ಎಂದೇ ಅರ್ಥ. ಮೂತ್ರಪಿಂಡದ ನೀರುಗಂಟಿನೊಳಗಿನ ತೆಳುವಾದ ಗೋಡೆಯಲ್ಲಿ ರಕ್ತಸಂಚಾರವಿದೆಯೇ, ಬಿಸಿ ಕೊಟ್ಟು ಸುಟ್ಟ ಗಡ್ಡೆಯ ಅಂಚಿನಲ್ಲಿ ಜೀವಂತ ಭಾಗ ಉಳಿದಿದೆಯೇ ಎಂಬಂತಹ ಪ್ರಶ್ನೆಗಳಿಗೆ ಇದರಿಂದ ಸಿಗುವ ಉತ್ತರ ಬಹಳ ನೇರವಾದದ್ದು.

ಹೃದಯದ ಎಕೋದಲ್ಲಿ ಇದರ ಉಪಯೋಗ ಸರಳ. ಸ್ಥೂಲಕಾಯದವರಲ್ಲಿ, ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಎಡ ಹೃತ್ಕುಕ್ಷಿಯ (ರಕ್ತವನ್ನು ದೇಹಕ್ಕೆ ದೂಡುವ ಕೋಣೆಯ) ಒಳ ಅಂಚು ಕಾಣಿಸದೆ ಅದರ ಕಾರ್ಯಕ್ಷಮತೆಯನ್ನು ಅಳೆಯುವುದು ಕಷ್ಟವಾಗುತ್ತದೆ; ಗುಳ್ಳೆಗಳು ಕುಕ್ಷಿಯನ್ನು ತುಂಬಿದೊಡನೆ ಅಂಚು ಸ್ಪಷ್ಟವಾಗುತ್ತದೆ, ತುದಿಯಲ್ಲಿ ಹೆಪ್ಪುಗಟ್ಟಿದ ರಕ್ತವಿದ್ದರೆ ಅದೂ ಕಪ್ಪಾಗಿ ಎದ್ದು ಕಾಣುತ್ತದೆ. ಮಕ್ಕಳಲ್ಲಿ ಮೂತ್ರಕೋಶದಿಂದ ಮೂತ್ರ ಹಿಮ್ಮುಖವಾಗಿ ಮೂತ್ರಪಿಂಡದ ಕಡೆಗೆ ಹರಿಯುವ ತೊಂದರೆಯನ್ನು ಕಂಡುಹಿಡಿಯಲು, ಸಣ್ಣ ಕ್ಯಾತಿಟರ್ ಮೂಲಕ ಮೂತ್ರಕೋಶಕ್ಕೇ ಇದನ್ನು ತುಂಬಿಸಿ ನೋಡುವ ವಿಧಾನಕ್ಕೆ 2016ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಕ್ಸ್‌ರೇ ಬಳಸಿ ಮಾಡುತ್ತಿದ್ದ ಪರೀಕ್ಷೆಯಲ್ಲಿ ಮಗುವಿನ ಕೆಳಹೊಟ್ಟೆಗೆ ವಿಕಿರಣ ತಾಗುತ್ತಿತ್ತು. ಇಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಕ್ಯಾತಿಟರ್ ಹಾಕುವ ಹಿಂಸೆ ಮಾತ್ರ ಹಾಗೇ ಉಳಿದಿದೆ ಎಂಬುದನ್ನು ತಂದೆತಾಯಂದಿರಿಗೆ ಮುಂಚೆಯೇ ಹೇಳುವುದು ನ್ಯಾಯ.

ಸುರಕ್ಷತೆಯ ವಿಚಾರಕ್ಕೆ ಬಂದರೆ, ಗುಳ್ಳೆ ಒಡೆದಾಗ ಬಿಡುಗಡೆಯಾಗುವ ಅನಿಲ ದೇಹದಲ್ಲಿ ಯಾವ ರಾಸಾಯನಿಕ ಬದಲಾವಣೆಗೂ ಒಳಗಾಗದೆ ಉಸಿರಿನ ಮೂಲಕ ಹೊರಹೋಗುತ್ತದೆ. ಕೊಟ್ಟದ್ದರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಎರಡು ನಿಮಿಷಗಳಲ್ಲೇ ಹೋಗಿಬಿಡುತ್ತದೆ. ಒಂದು ಡೋಸ್‌ನಲ್ಲಿರುವ ಅನಿಲವೂ 20 ಮೈಕ್ರೋಲೀಟರ್‌ನ ಆಸುಪಾಸಿನಷ್ಟೇ. ಮೂತ್ರಪಿಂಡಕ್ಕೆ ಇದರಿಂದ ಹೊರೆಯಿಲ್ಲವಾದ್ದರಿಂದ ರಕ್ತದಲ್ಲಿ ಕ್ರಿಯಾಟಿನಿನ್ ಹೆಚ್ಚಿರುವ, ಅಂದರೆ ಮೂತ್ರಪಿಂಡ ದುರ್ಬಲವಾಗಿರುವ ರೋಗಿಗಳಿಗೆ, ಅಯೋಡಿನ್ ಇರುವ ಕಾಂಟ್ರಾಸ್ಟ್ ಕೊಡಲು ಹಿಂಜರಿಯುವ ಸಂದರ್ಭಗಳಲ್ಲಿ, ಇದು ದೊಡ್ಡ ಆಸರೆ. 2006ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದು ಹೊಟ್ಟೆಯ ಭಾಗದ 23,188 ಪರೀಕ್ಷೆಗಳನ್ನು ಪರಿಶೀಲಿಸಿ, ಗಂಭೀರ ತೊಂದರೆಗಳ ಪ್ರಮಾಣ ಶೇ 0.0086 ಎಂದು ವರದಿ ಮಾಡಿತು; ಸಾವು ಒಂದೂ ಸಂಭವಿಸಿರಲಿಲ್ಲ. ಹೀಗೆಂದ ಮಾತ್ರಕ್ಕೆ ಎಚ್ಚರ ಬಿಡುವಂತಿಲ್ಲ. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಅಲ್ಲಿ ಆಗ ಬಳಕೆಯಲ್ಲಿದ್ದ ಈ ವರ್ಗದ ಔಷಧಗಳಿಗೆ ಹೃದಯ ಮತ್ತು ಉಸಿರಾಟಕ್ಕೆ ಸಂಬಂಧಿಸಿದ ಗಂಭೀರ ಎಚ್ಚರಿಕೆಯನ್ನು ಸೇರಿಸಿತು, 2008ರಲ್ಲಿ ಅದನ್ನು ಸಡಿಲಿಸಿತು. ಅಂತಹ ತೊಂದರೆಗಳು ಬಂದರೆ ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ ಬರುತ್ತವೆ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ವಸ್ತು ಈ ಔಷಧದಲ್ಲಿರುವುದರಿಂದ ಅದಕ್ಕೆ ಅಲರ್ಜಿ ಇರುವವರಿಗೆ ಇದನ್ನು ಕೊಡಬಾರದು. ಕರುಳು ಶುದ್ಧಿಗಾಗಿ ಕುಡಿಸುವ ಕೆಲವು ಔಷಧಗಳಲ್ಲೂ ಅದೇ ವಸ್ತು ಇರುತ್ತದೆ. ಹಾಗಾಗಿ ಕೊಲೊನೋಸ್ಕೋಪಿಗೆ ಮೊದಲು ಕುಡಿದ ದ್ರವದಿಂದ ಮೈಮೇಲೆ ದದ್ದು ಎದ್ದಿತ್ತೇ ಎಂದು ಕೇಳುವುದು ವ್ಯರ್ಥ ಪ್ರಶ್ನೆಯಲ್ಲ. ತಲೆನೋವು, ವಾಕರಿಕೆ, ಬಾಯಿರುಚಿ ಕೆಡುವುದು ಮುಂತಾದವು ಕೆಲವರಲ್ಲಿ ಕಾಣಿಸಿಕೊಂಡು ತಾವಾಗಿಯೇ ಹೋಗುತ್ತವೆ.

ಇದೇ ವರ್ಗದ ಇತರ ಔಷಧಗಳೊಂದಿಗೆ ಹೋಲಿಸುವುದಾದರೆ, ಡೆಫಿನಿಟಿ ಕೂಡ ಲಿಪಿಡ್ ಪೊರೆಯ ಗುಳ್ಳೆಯೇ, ಒಳಗಿನ ಅನಿಲ ಆಕ್ಟಾಫ್ಲೋರೋಪ್ರೊಪೇನ್. ಅದನ್ನು ಕೈಯಿಂದ ಕುಲುಕಿದರೆ ಸಾಲದು, ಅದಕ್ಕೆಂದೇ ಇರುವ ಯಂತ್ರದಲ್ಲಿ 45 ಸೆಕೆಂಡ್ ಕುಲುಕಬೇಕು. ಆಪ್ಟಿಸನ್‌ನ ಪೊರೆ ಮಾನವ ರಕ್ತದ ಪ್ರೋಟೀನ್ ಆದ ಆಲ್ಬುಮಿನ್‌ನಿಂದ ಮಾಡಿದ್ದು, ಪಾಲಿಎಥಿಲೀನ್ ಗ್ಲೈಕಾಲ್ ಅದರಲ್ಲಿಲ್ಲ, ಆದರೆ ಫ್ರಿಜ್‌ನಲ್ಲಿಡಬೇಕು. ಜಪಾನ್‌ನಲ್ಲಿ 2007ರಿಂದ ಬಳಕೆಯಲ್ಲಿರುವ ಸೋನಾಜಾಯ್ಡ್ ಗುಳ್ಳೆಗಳನ್ನು ಲಿವರ್‌ನ ಕುಪ್ಫರ್ ಕೋಶಗಳು (ರಕ್ತದಲ್ಲಿ ಬರುವ ಹೊರಗಿನ ಕಣಗಳನ್ನು ಹಿಡಿಯುವ ಕೋಶಗಳು) ನುಂಗಿಕೊಳ್ಳುವುದರಿಂದ, ಹತ್ತು ನಿಮಿಷ ಕಳೆದ ಮೇಲೆ ಇಡೀ ಲಿವರನ್ನು ನಿಧಾನವಾಗಿ ಹುಡುಕಿ ನೋಡುವ ಅವಕಾಶ ಸಿಗುತ್ತದೆ. ಸೋನೋವ್ಯೂವಿನಲ್ಲಿ ಆ ಅನುಕೂಲವಿಲ್ಲ, ಮತ್ತು ಲಿವರ್ ಪರೀಕ್ಷೆಯ ಮಟ್ಟಿಗೆ ಇದನ್ನು ನಿಜವಾದ ಕೊರತೆಯೆಂದೇ ನಾನು ಎಣಿಸುತ್ತೇನೆ. ಒಂದು ಡೋಸ್‌ನ ಮುಖ್ಯವಾದ ಮೊದಲ ಅರ್ಧ ನಿಮಿಷದಲ್ಲಿ ಒಂದು ಗಂಟನ್ನು ಮಾತ್ರ ಗಮನವಿಟ್ಟು ನೋಡಲು ಸಾಧ್ಯ. ಗಂಟುಗಳು ಹಲವಿದ್ದರೆ ಮತ್ತೆ ಮತ್ತೆ ಔಷಧ ಕೊಡಬೇಕು, ಅಥವಾ ಸಿ.ಟಿ.ಯ ಮೊರೆ ಹೋಗಬೇಕು. ಕರುಳಿನ ಗಾಳಿ, ಪಕ್ಕೆಲುಬು, ದಪ್ಪನೆಯ ಕೊಬ್ಬು ಮುಂತಾಗಿ ಸಾಮಾನ್ಯ ಅಲ್ಟ್ರಾಸೌಂಡನ್ನು ಅಡ್ಡಿಪಡಿಸುವುದೆಲ್ಲ ಇದನ್ನೂ ಅಡ್ಡಿಪಡಿಸುತ್ತದೆ. ಮೊದಲೇ ಕಾಣದ ಗಂಟನ್ನು ಗುಳ್ಳೆಗಳು ಕಾಣಿಸಿಕೊಡುತ್ತವೆಂದು ನಂಬಿ ಪರೀಕ್ಷೆಗೆ ಇಳಿಯಬಾರದು.

ಈಗ ಔಷಧ ತಲುಪಿಸುವ ವಿಚಾರ. ಒತ್ತಡ ಹೆಚ್ಚಾದರೆ ಗುಳ್ಳೆ ಒಡೆಯುತ್ತದೆ ಎಂದು ಮೇಲೆ ಹೇಳಿದೆ. ಚಿತ್ರಣಕ್ಕೆ ಅದು ತೊಡಕು, ಚಿಕಿತ್ಸೆಗೆ ಅದು ಬಂಡವಾಳ. ಒಡೆಯದೆ ಲಯಬದ್ಧವಾಗಿ ಕಂಪಿಸುವ ಗುಳ್ಳೆ ತನ್ನ ಸುತ್ತಲಿನ ದ್ರವವನ್ನು ಕಲಕಿ ನಾಳದ ಒಳಗೋಡೆಯನ್ನು ತೀಡುತ್ತದೆ. ರಭಸದಿಂದ ಕುಸಿಯುವ ಗುಳ್ಳೆ ಗೋಡೆಯ ಕೋಶಗಳಲ್ಲಿ ರಂಧ್ರಗಳನ್ನೇ ಮಾಡಬಲ್ಲದು. ಎರಡೂ ಸಂದರ್ಭಗಳಲ್ಲಿ, ರಕ್ತದಲ್ಲಿ ಹರಿಯುತ್ತಿರುವ ಔಷಧಕ್ಕೆ ಆ ಜಾಗದಲ್ಲಿ ಮಾತ್ರ ಸ್ವಲ್ಪ ಕಾಲ ಬಾಗಿಲು ತೆರೆದುಕೊಳ್ಳುತ್ತದೆ. ಬಾಗಿಲು ಎಲ್ಲಿ ತೆರೆಯಬೇಕೆಂದು ತೀರ್ಮಾನಿಸುವವರು ಧ್ವನಿಯ ಕಿರಣವನ್ನು ಗುರಿಯಿಡುವ ವೈದ್ಯರು. ಈ ವಿದ್ಯೆಗೆ ಅತ್ಯಂತ ಹೆಚ್ಚಿನ ಅಗತ್ಯವಿರುವ ಅಂಗ ಮೆದುಳು. ಮೆದುಳಿನ ನಾಳಗಳ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡು ಬಹುಪಾಲು ಔಷಧಗಳನ್ನು ಹೊರಗೇ ತಡೆಯುತ್ತವೆ. 2001ರಲ್ಲಿ ಕುಲ್ಲೆರ್ವೋ ಹ್ಯೂನಿನೆನ್ ಮತ್ತು ಸಂಗಡಿಗರು ಮೊಲಗಳಲ್ಲಿ, ಗುಳ್ಳೆ ಮತ್ತು ಕೇಂದ್ರೀಕೃತ ಅಲ್ಟ್ರಾಸೌಂಡ್ ಎರಡನ್ನೂ ಕೂಡಿಸಿ ಆ ತಡೆಗೋಡೆಯನ್ನು ತಾತ್ಕಾಲಿಕವಾಗಿ ತೆರೆಯಬಹುದೆಂದು ತೋರಿಸಿದರು. 2015ರಲ್ಲಿ ಟೊರಾಂಟೋದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ ತಲೆಬುರುಡೆಯನ್ನು ತೆರೆಯದೆಯೇ ಮೆದುಳು ಗಡ್ಡೆಯ ರೋಗಿಯೊಬ್ಬರಲ್ಲಿ ಇದನ್ನು ಮಾಡಲಾಯಿತು. ಪ್ಯಾರಿಸ್‌ನ ತಂಡವೊಂದು ತಲೆಬುರುಡೆಯಲ್ಲೇ ಪುಟ್ಟ ಅಲ್ಟ್ರಾಸೌಂಡ್ ಸಾಧನವನ್ನು ಅಳವಡಿಸಿ, ಸೋನೋವ್ಯೂ ಗುಳ್ಳೆಗಳನ್ನೇ ಬಳಸಿ, ಕಾರ್ಬೋಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಕೊಡುವ ಪ್ರಯೋಗದ ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿತು. 2024ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ತಂಡ, ಮೂವರು ಅಲ್ಝೈಮರ್ ರೋಗಿಗಳಿಗೆ ಅಡುಕಾನುಮ್ಯಾಬ್ ಔಷಧ ಕೊಟ್ಟು ಮೆದುಳಿನ ಒಂದು ಪಾರ್ಶ್ವದಲ್ಲಿ ತಡೆಗೋಡೆ ತೆರೆದಾಗ, ಆ ಕಾಯಿಲೆಯಲ್ಲಿ ಮೆದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೋಟೀನ್ ತೆರೆದ ಕಡೆ ಹೆಚ್ಚು ಕಡಿಮೆಯಾಯಿತೆಂದು ವರದಿ ಮಾಡಿತು.

ನಾರ್ವೆಯ ಬರ್ಗೆನ್‌ನಲ್ಲಿ ನಡೆದ ಪ್ರಯೋಗ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ಬಳಸಿದ್ದು ಸಾಮಾನ್ಯ ಸ್ಕ್ಯಾನಿಂಗ್ ಯಂತ್ರ ಮತ್ತು ಸೋನೋವ್ಯೂ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ ಹತ್ತು ರೋಗಿಗಳಿಗೆ ಜೆಮ್‌ಸಿಟಾಬಿನ್ ಎಂಬ ಕ್ಯಾನ್ಸರ್ ಔಷಧ ಕೊಟ್ಟ ಮೇಲೆ, ಗಡ್ಡೆಯ ಮೇಲೆ ಪ್ರೋಬ್ (ಧ್ವನಿ ಕಳುಹಿಸುವ ಹಿಡಿಕೆ) ಹಿಡಿದು, ಸುಮಾರು ಅರ್ಧ ಗಂಟೆ ಕಾಲ ಸಣ್ಣ ಪ್ರಮಾಣಗಳಲ್ಲಿ ಗುಳ್ಳೆಗಳನ್ನು ಪದೇಪದೇ ಕೊಡಲಾಯಿತು. ಅವರ ಮಧ್ಯಂಕ (ಅರ್ಧದಷ್ಟು ಜನ ದಾಟಿದ) ಬದುಕುಳಿದ ಅವಧಿ 17.6 ತಿಂಗಳು, ಹಿಂದೆ ಅದೇ ಔಷಧವನ್ನು ಮಾತ್ರ ಪಡೆದಿದ್ದ 63 ರೋಗಿಗಳದ್ದು 8.9 ತಿಂಗಳು. ಈ ಅಂಕಿಗಳನ್ನು ಓದಿದಾಗ ಯಾರಿಗಾದರೂ ಮನಸ್ಸು ಕರಗುತ್ತದೆ, ಆ ಕಾಯಿಲೆ ಅಷ್ಟು ಕ್ರೂರವಾದದ್ದು. ಆದರೂ ಹತ್ತು ಜನರ ಗುಂಪನ್ನು ಹಳೆಯ ದಾಖಲೆಗಳೊಂದಿಗೆ ಹೋಲಿಸಿದ್ದು ಚೀಟಿ ಎತ್ತಿ ಗುಂಪು ಮಾಡಿದ ಪರೀಕ್ಷೆಗೆ ಸಮವಾಗುವುದಿಲ್ಲ. ಆಯ್ಕೆಯಾದವರು ಮೊದಲೇ ತುಸು ಗಟ್ಟಿಯಾಗಿದ್ದಿರಬಹುದೆಂಬ ಸಂದೇಹವನ್ನು ಇಂತಹ ಹೋಲಿಕೆ ತೊಡೆದುಹಾಕಲಾರದು. ಗುಳ್ಳೆಯೊಳಗೇ ಔಷಧವನ್ನು ತುಂಬಿ ಕಳುಹಿಸುವ ಯೋಚನೆಗೂ ಒಂದು ಮಿತಿಯಿದೆ: ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆಯಲ್ಲಿ ಹಿಡಿಸುವ ಔಷಧ ಬಹಳ ಕಡಿಮೆ. ಪೊರೆಗೆ ಔಷಧ ತುಂಬಿದ ಕೊಬ್ಬಿನ ಸೂಕ್ಷ್ಮ ಚೀಲಗಳಾದ ಲೈಪೋಸೋಮ್‌ಗಳನ್ನು ಅಂಟಿಸುವುದು, ನಾಳದಿಂದ ಹೊರನುಸುಳುವಷ್ಟು ಸಣ್ಣ ದ್ರವಹನಿಗಳನ್ನು ಕಳುಹಿಸಿ ಗಡ್ಡೆಯಲ್ಲೇ ಅವನ್ನು ಗುಳ್ಳೆಯಾಗಿಸುವುದು ಮುಂತಾದ ದಾರಿಗಳನ್ನು ಸಂಶೋಧಕರು ಹುಡುಕುತ್ತಿದ್ದಾರೆ. ಸೋನೋವ್ಯೂ ಅನುಮತಿ ಪಡೆದಿರುವುದು ಚಿತ್ರಣಕ್ಕೆ. ಔಷಧ ತಲುಪಿಸಲು ಇದನ್ನು ಬಳಸುವುದು ನೈತಿಕ ಸಮಿತಿಯ ಒಪ್ಪಿಗೆಯಿರುವ ಪ್ರಯೋಗಗಳೊಳಗೆ ಮಾತ್ರ ಸಲ್ಲುವ ಕೆಲಸ; ಅದರ ಹೊರಗೆ ಯಾರಾದರೂ ‘ಗುಳ್ಳೆ ಚಿಕಿತ್ಸೆ’ ಎಂದು ಆಸೆ ತೋರಿಸಿದರೆ, ಯಾವ ಪ್ರಯೋಗ, ಯಾರ ಅನುಮತಿ ಎಂದು ರೋಗಿಯ ಕಡೆಯವರು ಕೇಳಿಯೇ ಕೇಳಬೇಕು.

ಹೊಸದಾಗಿ ಇದನ್ನು ತರಿಸಬೇಕೆಂದಿರುವ ವಿಭಾಗಗಳು ಔಷಧಕ್ಕಿಂತ ಮೊದಲು ಯಂತ್ರವನ್ನು ನೋಡಿಕೊಳ್ಳಬೇಕು: ಕಾಂಟ್ರಾಸ್ಟ್ ಸಾಫ್ಟ್‌ವೇರ್ ಇಲ್ಲದಿದ್ದರೆ, ಅಥವಾ ಇದ್ದರೂ ಬಳಸುವ ಪ್ರೋಬ್‌ಗೆ ಅದು ಹೊಂದದಿದ್ದರೆ, ಸೀಸೆ ತೆರೆಯುವುದೇ ದಂಡ. ಇಡೀ ಪರೀಕ್ಷೆಯನ್ನು ಮೊದಲ ಕ್ಷಣದಿಂದ ವಿಡಿಯೋ ಆಗಿ ಉಳಿಸಿಕೊಳ್ಳುವ ವ್ಯವಸ್ಥೆಯೂ ಬೇಕು, ಏಕೆಂದರೆ ಅಪಧಮನಿಯ ಹಂತದ ಆ ಕೆಲವು ಸೆಕೆಂಡುಗಳನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ನೋಡಿದ ಮೇಲೆಯೇ ವರದಿ ಬರೆಯುವುದು ಸರಿಯಾದ ಕ್ರಮ. ಅಲರ್ಜಿಯ ಆಘಾತವನ್ನು ನಿಭಾಯಿಸುವ ಔಷಧಗಳು ಮತ್ತು ಅದರಲ್ಲಿ ತರಬೇತಿ ಪಡೆದವರು ಅದೇ ಕೋಣೆಯಲ್ಲಿರಬೇಕು, ಪರೀಕ್ಷೆ ಮುಗಿದ ಮೇಲೂ ರೋಗಿಯನ್ನು ಅರ್ಧ ಗಂಟೆ ಕೂರಿಸಿಕೊಂಡು ನೋಡಬೇಕು. ಇಷ್ಟು ಸಿದ್ಧತೆ ಇರುವ ಕಡೆ ಲಿವರ್‌ನ ಗಂಟಿಗೆ ಇದನ್ನು ಮೊದಲ ಪರೀಕ್ಷೆಯಾಗಿಯೇ ಬಳಸಬಹುದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.